ಲಂಡನ್ನಿನ ಲಿಂಗಪ್ಪ

ಉಮದಿ
೧೨ ಜನವರಿ ೧೯೫೫

ಇಲ್ಲ ಅಣ್ಣಾ, ನೀನು ಬರೆದದ್ದನ್ನು ನಾನು ಒಪ್ಪುವುದಿಲ್ಲ. ಅಷ್ಟು ದೊಡ್ಡ ಲಂಡನ್ ಶಹರದಲ್ಲಿ ಇಬ್ಬರು ಗಂಡಸರಿಗೆ ಒಂದು ಖೋಲಿ ಸಿಗುವುದಿಲ್ಲ ಅಂದರೆ ಯಾರು ನಂಬಬೇಕು? ನಮ್ಮ ಉಮದಿ ಸಂತೆಗೆ ಬಂದು ಬಸ್ಸು ತಪ್ಪಿಸಿಕೊಂಡವನಿಗೂ ಯಾರದಾದರೂ ಕಟ್ಟೆ ಸಿಗುತ್ತದೆ. ನೀನು ಒಂದೇ ಮಾತನ್ನು ತಿರುವಿ ತಿರುವಿ ಹಾಕುತ್ತೀ: ಬರಬೇಡ ತಮ್ಮಣ್ಣ, ಇಲ್ಲಿ ಮುಖ ನೋಡಿ ಬಾಗಿಲು ಹಾಕುತ್ತಾರೆ. ಹಾಕಲಿ. ಒಬ್ಬ ಹಾಕಿದರೆ ಪಕ್ಕದ ಮನೆ ಇಲ್ಲವೇ?

ನನಗೆ ಬೇರೆ ಸಂಶಯ ಬರುತ್ತಿದೆ. ಸೊಲ್ಲಾಪುರದ ಗಿರಣಿಗೆ ಹೋಗುವಾಗ ತಮ್ಮನನ್ನು ಕರೆಸಿಕೊಳ್ಳುತ್ತೇನೆ ಅಂದಿದ್ದೆ. ಮುಂಬಯಿಯಲ್ಲಿ ಹಡಗು ಹತ್ತುವಾಗಲೂ ಅಂದಿದ್ದೆ. ಈಗ ಹೆದರಿಸಿ ಇಲ್ಲೇ ಕೂಡಿಸಬೇಕೆಂದಿದ್ದೀ. ಹತ್ತನೇ ಇಯತ್ತೆ ಕಲಿತು ನಾನು ಏನು ಮಾಡುತ್ತಿದ್ದೇನೆ ಗೊತ್ತೇ? ಗೊಲ್ಲಾಳಪ್ಪ ಕಾಕಾನ ಅಂಗಡಿಯಲ್ಲಿ ಬೆಲ್ಲದ ಪೆಂಟಿ ಒಡೆಯುತ್ತೇನೆ. ವಿಜಾಪುರದ ಬಸ್ಸು ಎದುರಿಗೇ ನಿಲ್ಲುತ್ತದೆ. ಅದು ಹೊರಟಾಗ ನನ್ನ ಕಾಲುಗಳು ತಾವೇ ಏಳುತ್ತವೆ. ಕಾಕಾ ನಗುತ್ತಾನೆ: “ಕುಂದರೋ, ಬಸ್ಸಿಗಿ ನಿನ್ನ ನೆಪ್ಪ ಇಲ್ಲ.” ಮಾತಾಡಬೇಕೆಂದರೆ ಇಲ್ಲಿ ಯಾರಿದ್ದಾರೆ?

ನಿನ್ನ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಖೋಲಿ ಸಿಗದ ಮಾತನ್ನು ನುಂಗಿಬಿಟ್ಟೆ. ‘ಹಡಗಿನಲ್ಲಿ ಜೊತೆಗಿದ್ದ ಲಿಂಗ್ ಅನ್ನುವವನು ಈಗಲೂ ನನ್ನ ಸಂಗಡ ಇದ್ದಾನೆ’ ಅಂತ ಓದುತ್ತಿದ್ದಂತೆ ಅವ್ವ ಬೀಸುಕಲ್ಲು ನಿಲ್ಲಿಸಿದಳು.

“ಏನಂದಿ? ತಿರಗಿ ಓದು.”

“ಲಿಂಗ್.”

“ನಮ್ಮ ಪೈಕಿ ಒಬ್ಬಾವ ಅದಾನಲ್ಲೋ ಅಲ್ಲಿ! ಲಿಂಗಪ್ಪ ಅಂತ ಇರಬೇಕ. ಆ ಬಿಳೀ ಮಂದೀಗಿ ನಾಲಿಗಿ ಹೊಳ್ಳೂದಿಲ್ಲ, ಅರ್ಧಾ ತುಂಡ ಮಾಡ್ಯಾರ.”

ಕಾಕಾ ತಲೆ ಹಾಕಿದ. “ಮುಂಬೈಗಿ ಹೋದ ನಮ್ಮ ಸೋಮನಿಂಗಪ್ಪಗ ಸೋಮು ಅನ್ನೂದಿಲ್ಲೇನವಾ, ಹಂಗ.”

ಆ ದಿನದಿಂದ ಅವ್ವನಿಗೆ ಚಲೋ ನಿದ್ದೆ. ಲಿಂಗಪ್ಪನ ಊರು ಯಾವುದು, ಮನೆದೇವರು ಯಾವುದು ಎಂದು ಕೇಳಿ ಬರೆಯಬೇಕಂತೆ. ನಾನು ಕೇಳುವುದು ಒಂದೇ. ಅವನಿಗೆ ಜಾಗ ಕೊಟ್ಟವನಿಗೆ ನನಗೆ ಕೊಡಲು ಏನು ಕಷ್ಟ?

ನಿನ್ನ ತಮ್ಮಣ್ಣ

•

ಲಂಡನ್
೬ ಫೆಬ್ರುವರಿ ೧೯೫೫

ತಮ್ಮಣ್ಣ,

ನಿನ್ನ ಪತ್ರ ಓದಿ ನಕ್ಕೆ. ಲಿಂಗ್ ನಮ್ಮವನಲ್ಲ. ಚೀನಾದವನು. ಅವನ ಮನೆತನದ ಹೆಸರೇ ಲಿಂಗ್ ಅಂತೆ. ಹಡಗಿನಲ್ಲಿ ಬಡಿಗನ ಕೆಲಸ ಮಾಡುತ್ತಿದ್ದ, ನಾನು ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಇಬ್ಬರ ಕರಾರೂ ಮುಗಿಯಿತು. ನಾನು ಬಂದರದ ಗೋದಾಮಿನಲ್ಲಿ ಚೀಲ ಹೊರುತ್ತೇನೆ. ಅವನು ತನ್ನ ದೇಶದ ಕಡೆ ಹೋಗುವ ಹಡಗಿಗಾಗಿ ಕಾಯುತ್ತಿದ್ದಾನೆ. ಇಬ್ಬರೂ ಖಲಾಸಿಗಳ ಧರ್ಮಶಾಲೆಯಂಥ ಒಂದು ಕಡೆ ಮಲಗುತ್ತೇವೆ. ಅಟ್ಟದಂಥ ಒಂದೇ ಉದ್ದನೆಯ ಕೋಣೆ, ಸಾಲಾಗಿ ಮಂಚ, ಪಕ್ಕದವ ಕೆಮ್ಮಿದರೆ ನಮ್ಮ ಮಂಚ ಅಲುಗುತ್ತದೆ.

ಅವ್ವನಿಗೆ ಹೇಳಬೇಡ. ಒಬ್ಬ ಲಿಂಗಪ್ಪ ಇದ್ದಾನೆಂದು ಅವಳು ನೆಮ್ಮದಿಯಾಗಿದ್ದರೆ ಇರಲಿ. ನನಗೂ ಒಮ್ಮೊಮ್ಮೆ ಹಾಗೇ ಅನ್ನಿಸುತ್ತದೆ.

ನಿಜವಾಗಿಯೂ ಕೀಳಾಗಿ ನೋಡುತ್ತಾರೇನು ಎಂದು ಕೇಳುವವನಿಗೆ ಹೇಗೆ ಹೇಳಲಿ? ಎಲ್ಲರೂ ಅಲ್ಲ. ನಮ್ಮ ಬೀದಿಯ ಬೇಕರಿಯ ಮುದುಕಿ ಲಿಂಗ್‌ನನ್ನು ಕಂಡರೆ ಬಿಸಿ ಬ್ರೆಡ್ಡನ್ನೇ ಹುಡುಕಿ ಕೊಡುತ್ತಾಳೆ. ಆದರೆ ಕ್ಷೌರದವನು ಖಾಲಿ ಕುರ್ಚಿಯ ಪಕ್ಕ ನಿಂತು ‘ಇವತ್ತು ಭಾಳ ಗಿರಾಕಿ’ ಅನ್ನುತ್ತಾನೆ. ಹುಡುಗರು ಬೆರಳಿನಿಂದ ಕಣ್ಣು ಎಳೆದು ತೋರಿಸಿ ಓಡುತ್ತಾರೆ. ಖೋಲಿ ಬಾಡಿಗೆಗೆ ಇದೆ ಎಂದು ಕಿಟಕಿಯಲ್ಲಿ ಕಾಗದ ಹಚ್ಚಿದ ಮನೆಯ ಬಾಗಿಲು ತಟ್ಟಿದರೆ ಯಜಮಾನಿ ಬರುತ್ತಾಳೆ. ನಗುತ್ತಾಳೆ. ‘ನನ್ನದೇನೂ ತಕರಾರಿಲ್ಲ, ಮನೆಯಲ್ಲಿರುವ ಉಳಿದವರು ಒಪ್ಪುವುದಿಲ್ಲ’ ಅನ್ನುತ್ತಾಳೆ. ಬೈದರೆ ತಿರುಗಿ ಬೈಯಬಹುದು. ಮಲಗಿದ ಕೂಸಿಗೆ ಎಚ್ಚರವಾಗದಂತೆ ಮೆಲ್ಲಗೆ ಬಾಗಿಲು ಹಾಕಿದರೆ ಏನು ಮಾಡುತ್ತೀ?

ಅಲ್ಲೇ ಇರು. ಬೆಲ್ಲ ಒಡೆಯುವುದು ಕೆಟ್ಟ ಕೆಲಸವಲ್ಲ.

ಶಿದ್ರಾಯ

•

ಉಮದಿ
೨ ಏಪ್ರಿಲ್ ೧೯೫೫

ಅಣ್ಣಾ,

ಚೀನಾದವನು ಅಂತ ಮೊದಲೇ ಬರೆದಿದ್ದರೆ ಇಷ್ಟು ವಾದವೇ ಇರಲಿಲ್ಲ. ಅವರು ಬಾಗಿಲು ಹಾಕಿದ್ದು ನಿನಗಲ್ಲ, ಅವನಿಗೆ. ಅವನು ಬೆನ್ನಿಗೆ ನಿಂತಿದ್ದಾನೆ, ಅದಕ್ಕೇ ನಿನಗೂ ಇಲ್ಲ. ಒಮ್ಮೆ ನೀನೊಬ್ಬನೇ ಹೋಗಿ ಕೇಳು. ಸಿಗುತ್ತದೆ. ಎರಡನೇ ಮಂಚಕ್ಕೆ ನಾನು ಬರುತ್ತೇನೆ. ಇಲ್ಲಿ ಸಾಲಿ ಹುಡುಗರಿಗೆ ಮಾಸ್ತರು ಹಿಂದೀ ಚೀನೀ ಭಾಯಿ ಭಾಯಿ ಎಂದು ಕೂಗಲು ಕಲಿಸಿದ್ದಾರೆ. ಭಾಯಿ ಆಗಲಿ, ನನ್ನದೇನು ಹೋಗುತ್ತದೆ? ಆದರೆ ನನ್ನ ಮಂಚದ ಮೇಲೆ ಯಾಕೆ ಭಾಯಿ?

ಸಿಟ್ಟಾಗಬೇಡ. ನಿನಗೆ ಅವನಾದರೂ ಇದ್ದಾನೆ.

ಅವ್ವನಿಗೆ ಹೇಳಿಲ್ಲ. ಹೇಳುವ ಹಾಗೂ ಉಳಿದಿಲ್ಲ. ಓಣಿಯಲ್ಲಿ ನಿನಗಿಂತ ಲಿಂಗಪ್ಪನೇ ಹೆಚ್ಚು ಹೆಸರಾಗಿದ್ದಾನೆ. ಹೋದ ವಾರ ಶೇಗಾಂವದಿಂದ ಕಾಕಾನ ಬೀಗರು ಬಂದಿದ್ದರು. ಚಹಾ ಕುಡಿಯುತ್ತ ಕೇಳಿದರು: “ಲಿಂಗಪ್ಪಗ ಮದಿವಿ ಆಗೇತೇನ್ರಿ? ನಮ್ಮಲ್ಲಿ ಒಂದು ಹುಡುಗಿ ಐತಿ.” ಅವ್ವ ನನ್ನ ಮುಖ ನೋಡಿದಳು. ನಾನು ಬಾಯಿಗೆ ಬಂದದ್ದು ಹೇಳಿದೆ: “ಅಂವಾ ಭಾಳ ಗಿಡ್ಡ ಅದಾನಂತ್ರಿ.” ಬೀಗರು ಬಿಡಬೇಕಲ್ಲ! “ಗಿಡ್ಡಿದ್ರ ಏನಾತ್ರಿ, ನಮ್ಮ ಹುಡುಗೀನೂ ಗಿಡ್ಡ.”

ಅವ್ವ ಪಾರ್ಸಲ್ ಕಳಿಸಿದ್ದಾಳೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ವಿಭೂತಿ ಗಟ್ಟಿ. ವಿಭೂತಿ ನಿನಗಲ್ಲ, ಲಿಂಗಪ್ಪನಿಗೆ. “ನನ್ನ ಮಗಾ ಹಚ್ಚಿಕೊಳ್ಳಾಕ ಮರತಿರತಾನ, ಅಂವನ್ನ ನೋಡಿ ನೆಪ್ಪ ಆಗಲಿ” ಅಂದಳು.

ನಿನ್ನ ಖೋಲಿಯನ್ನು ಅವಳು ದಿನಾ ಕಸ ಹೊಡೆಯುತ್ತಾಳೆ. ಅದರಲ್ಲಿ ಮೆಣಸಿನಕಾಯಿ ಚೀಲ ಇಡಲು ಕಾಕಾನಿಗೂ ಬಿಟ್ಟಿಲ್ಲ. ಖಾಲಿ ಖೋಲಿ ಇಲ್ಲಿದೆ, ನೀನು ಅಲ್ಲಿ ಹುಡುಕುತ್ತೀ.

ತಮ್ಮಣ್ಣ

•

ಲಂಡನ್
೯ ಜೂನ್ ೧೯೫೫

ತಮ್ಮಣ್ಣ,

ನೀನು ಹೇಳಿದ ಹಾಗೇ ಮಾಡಿದೆ. ಲಿಂಗ್‌ನನ್ನು ಬೀದಿಯ ತಿರುವಿನಲ್ಲಿ ನಿಲ್ಲಿಸಿ ಒಬ್ಬನೇ ಹೋದೆ. ಕೋಟು ಹಾಕಿದ್ದೆ, ತಲೆ ಬಾಚಿದ್ದೆ. ಬೇರೆ ಬೀದಿ, ಬೇರೆ ಯಜಮಾನಿ. ಅದೇ ನಗು. ‘ನನ್ನದೇನೂ ತಕರಾರಿಲ್ಲ, ಉಳಿದವರು ಒಪ್ಪುವುದಿಲ್ಲ.’ ನಿನಗೆ ಹೇಳುವುದು ಇಷ್ಟೇ, ಅದು ಅವನಿಂದ ಅಲ್ಲ.

ತಿರುವಿಗೆ ಮರಳಿದೆ. ಲಿಂಗ್ ಕೋಟಿನ ಕಿಸೆಯಿಂದ ಅವ್ವನ ಕಡಕ್ ರೊಟ್ಟಿ ತೆಗೆದು, ಮುರಿದು, ದೊಡ್ಡ ತುಂಡು ನನಗೆ ಕೊಟ್ಟ.

ಪಾರ್ಸಲ್ ಬಿಚ್ಚಿದ ದಿನ, ಇದು ನಮ್ಮ ತಾಯಿ ನಿನಗೆಂದೇ ಕಳಿಸಿದ್ದು ಎಂದು ವಿಭೂತಿ ಕೊಟ್ಟಿದ್ದೆ. ಏನು ಎತ್ತ ಎಂದು ಹೇಳಲು ನನ್ನ ಇಂಗ್ಲಿಷು ಸಾಲಲಿಲ್ಲ. ಅವನು ಎರಡೂ ಕೈಯಿಂದ ತೆಗೆದುಕೊಂಡ. ಮರುದಿನದಿಂದ ಮುಖ ತೊಳೆದ ಮೇಲೆ ಮೂರು ಬೆರಳಿನಿಂದ ಹಚ್ಚಿಕೊಳ್ಳುತ್ತಾನೆ. ನಾನು ಮರೆತ ದಿನವೂ. ಬಂದರದಲ್ಲಿ ಯಾರೋ ನಕ್ಕರು, ಒರೆಸಿಕೋ ಅಂದೆ. ತಲೆ ಅಲ್ಲಾಡಿಸಿ ‘ಮದರ್’ ಅಂದ. ಅವನ ತಾಯಿ ತೀರಿ ಬಹಳ ವರ್ಷವಾಯಿತಂತೆ.

ಈಗ ಮುಖ್ಯ ಮಾತು. ಅವನಿಗೆ ಮುಂಬಯಿಯವರೆಗೆ ಹಡಗು ಸಿಕ್ಕಿದೆ. ಅಲ್ಲಿಂದ ಅವನ ಊರ ಕಡೆಯ ಹಡಗು ಹೊರಡಲು ಎರಡು ತಿಂಗಳು ತಡ. ಮುಂಬಯಿಯಲ್ಲಿ ಯಾರೂ ಇಲ್ಲ. ಅದಕ್ಕೆ, ನಮ್ಮ ಮನೆಗೆ ಹೋಗು ಅಂದಿದ್ದೇನೆ. ನಮ್ಮಲ್ಲಿ ಹಗಲು ಬಾಗಿಲು ಹಾಕುವುದಿಲ್ಲ ಎಂದು ಹೇಳಿದಾಗ ಅವನು ನಂಬಲಿಲ್ಲ. ಹಾಕಿದರೆ ಆ ಮನೆಯಲ್ಲಿ ಸಾವಾಗಿದೆ ಎಂದು ಅರ್ಥ ಅಂದೆ. ಆಗ ನಂಬಿದ.

ಮನೆಯ ಪತ್ತಾ ಬರೆದು ಕೊಟ್ಟಿದ್ದೇನೆ. ಎರಡು ಮಾತು ಕಲಿಸಿದ್ದೇನೆ: ಬರ್ರಿ, ಕುಂದ್ರಿ. ಬಾಗಿಲಲ್ಲಿ ಈ ಎರಡು ಮಾತು ಕೇಳಿಸಿದರೆ ಹೆದರದೆ ಒಳಗೆ ಹೋಗು ಎಂದು ಹೇಳಿದ್ದೇನೆ. ದಿನವೂ ತನ್ನಷ್ಟಕ್ಕೆ ಅಂದುಕೊಳ್ಳುತ್ತಿರುತ್ತಾನೆ.

ಅವ್ವನಿಗೆ ಈಗ ಹೇಳು. ತಮ್ಮಣ್ಣ, ಅವನು ಈ ಊರಿನಲ್ಲಿ ಬಹಳ ಬಾಗಿಲ ಮುಂದೆ ನಿಂತಿದ್ದಾನೆ. ನಮ್ಮದರ ಮುಂದೆ ನಿಲ್ಲಿಸಬೇಡ.

ಶಿದ್ರಾಯ

•

ಉಮದಿ
೩ ಜುಲೈ ೧೯೫೫

ಅಣ್ಣಾ,

ಹೇಳಿದೆ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಮೂರು ದಿನ ಪತ್ರವನ್ನು ಕಿಸೆಯಲ್ಲಿಟ್ಟುಕೊಂಡು ಓಡಾಡಿದೆ. ನಿನ್ನೆ ಊಟಕ್ಕೆ ಕೂತಾಗ ಅಂದೆ: “ಅವ್ವಾ, ಲಿಂಗಪ್ಪ ಬರಾಕತ್ತಾನ.”

ಅವಳು ಎದ್ದೇಬಿಟ್ಟಳು. “ಯಾವಾಗ? ಶಿದ್ರಾಯನ ಖೋಲಿ ಸಾರಿಸಬೇಕಲ್ಲೋ! ಹೋಳಿಗಿ ತಿಂತಾನೋ ಇಲ್ಲೋ?”

“ಅಂವಾ ಲಿಂಗಪ್ಪ ಅಲ್ಲವಾ. ಲಿಂಗ್. ಚೀನಾದಾವ.”

ಅವ್ವ ನನಗಲ್ಲ, ಒಲೆಗೆ ಕೇಳಿದ ಹಾಗೆ ಕೇಳಿದಳು: “ಹಂಗಾರ ನಾ ಕಳಿಸಿದ ವಿಭೂತಿ?”

“ದಿನಾ ಹಚ್ಚಿಕೊಂತಾನಂತ.”

“ತಿಳೀಲಾರದ ಹಚ್ಚಿಕೊಂಡ್ರ ಅದು ಬೂದಿ” ಅಂದ ಕಾಕಾ. “ಚೀನಾದವರು ಹಾವ ತಿಂತಾರಂತ. ನಮ್ಮ ಪಡಸಾಲ್ಯಾಗ ಕುಂಡ್ರಸೂನೇನ ಅಂವನ್ನ?”

“ಅಣ್ಣನ ಗೆಳ್ಯಾ ಅದಾನ ಕಾಕಾ. ಅಣ್ಣನ ಖೋಲಿ ಖಾಲಿ ಐತಿ.”

ಕಾಕಾ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚಲೋ ಇತ್ತು. ಕೈ ತೊಳೆದುಕೊಂಡು ನನ್ನ ಬೆನ್ನ ಮೇಲೆ ಕೈ ಇಟ್ಟ. “ನೋಡ ತಮ್ಮಾ, ನನ್ನದೇನೂ ತಕರಾರ ಇಲ್ಲ. ಓಣ್ಯಾನ ಮಂದಿ ಒಪ್ಪೂದಿಲ್ಲ. ಶೇಗಾಂವದ ಬೀಗರಿಗಿ ಏನ ಹೇಳೂದು? ಜಾಗಾ ಇಲ್ಲಂತ ಒಂದ ಕಾಗದಾ ಬರದ ಹಾಕು.”

ನನಗೆ ನಗು ಬಂತು. ಯಾಕೆ ನಗುತ್ತೀ ಅಂದ ಕಾಕಾ. ಏನಂತ ಹೇಳಲಿ? ನೀನು ಬರೆದ ಆ ಯಜಮಾನಿಯ ಮಾತು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ, ಉಮದಿಯ ಕಾಕಾನ ಬಾಯಿಂದ ಬಂತು. ಕಾಕಾ ಲಂಡನ್ ಕಂಡಿಲ್ಲ. ಆಕೆ ಉಮದಿ ಕಂಡಿಲ್ಲ.

ಏಪ್ರಿಲ್‌ನಲ್ಲಿ ನಾನು ಬರೆದದ್ದೂ ನೆನಪಾಯಿತು. ಅದನ್ನು ಲಿಂಗ್‌ಗೆ ಓದಿ ಹೇಳಿಲ್ಲ ತಾನೇ?

ಅವ್ವ ಬೇಡ ಅನ್ನಲಿಲ್ಲ. ಹೂಂ ಅನ್ನಲೂ ಇಲ್ಲ. ಇವತ್ತು ನಿನ್ನ ಖೋಲಿಯ ಕಸ ಹೊಡೆಯಲಿಲ್ಲ. ಹೇಗಾದರೂ ಮಾಡಿ ಅವನನ್ನು ಮುಂಬಯಿಯಲ್ಲೇ ನಿಲ್ಲಿಸು. ಇದು ನನ್ನ ಮನಸ್ಸಿನ ಮಾತಲ್ಲ, ಆದರೆ ಬೇರೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಲಗೂನೆ ಉತ್ತರ ಹಾಕು.

ತಮ್ಮಣ್ಣ

•

ಲಂಡನ್
೧೮ ಜುಲೈ ೧೯೫೫

ತಮ್ಮಣ್ಣ,

ನಿನ್ನಿಂದ ಕಾಗದವಿಲ್ಲ. ನಾನು ಬಿಡಾರ ಬದಲಿಸಿದ್ದೇನೆ, ಹಳೆಯ ಪತ್ತಾಕ್ಕೆ ಬಂದು ಅಲ್ಲೇ ಬಿದ್ದಿರಬಹುದು. ಲಿಂಗ್ ಹೋಗಿ ಮೂರು ವಾರವಾಯಿತು. ಕೊನೆಗೆ ನನಗೊಂದು ಖೋಲಿ ಸಿಕ್ಕಿದೆ. ನೆಲದ ಕೆಳಗಿನದು. ಕಿಟಕಿಯಿಂದ ಹೋಗಿಬರುವವರ ಬೂಟು ಮಾತ್ರ ಕಾಣುತ್ತವೆ. ಇಬ್ಬರು ಹುಡುಕುವಾಗ ಸಿಗದದ್ದು, ಒಬ್ಬನೇ ಉಳಿದ ಮೇಲೆ ಸಿಕ್ಕಿತು.

ಗೋದಾಮಿನಿಂದ ಬಂದ ಮೇಲೆ ಮಾತಾಡುವವರಿಲ್ಲ. ನಿನ್ನೆ ಚಹಾ ಕಾಸಿ ಎರಡು ಕಪ್ಪಿಗೆ ಬಗ್ಗಿಸಿದ್ದೆ.

ಈ ಪತ್ರ ಬರುವ ಹೊತ್ತಿಗೆ ಲಿಂಗ್ ನಿಮ್ಮ ಸಂಗಡ ಕೂತಿರುತ್ತಾನೆ. ಅವ್ವ ನೀರು ಬೆಲ್ಲ ಕೊಟ್ಟಿರುತ್ತಾಳೆ. ಕಾಕಾ ಚೀನಾದಲ್ಲಿ ಶೇಂಗಾದ ದರ ಏನೆಂದು ಕೇಳಿರುತ್ತಾನೆ. ಲಿಂಗ್ ನಮ್ಮ ಮುರುಕು ಕಿಟಕಿಯನ್ನು ರಿಪೇರಿ ಮಾಡದೆ ಬಿಡುವವನಲ್ಲ, ಉಳಿ ಕೊಡು. ಈ ಖೋಲಿಯಲ್ಲಿ ಕೂತು ಅದನ್ನೆಲ್ಲ ನೋಡುತ್ತೇನೆ. ನೋಡುತ್ತ ಊಟ ಮಾಡುತ್ತೇನೆ.

ಅವ್ವ ಬಾಗಿಲಲ್ಲಿ ಬರ್ರಿ ಅಂದಾಗ ಅವನ ಮುಖ ಹೇಗಾಯಿತು, ಅಷ್ಟನ್ನು ಬರೆ. ಬೇರೇನೂ ಬೇಡ.

ಶಿದ್ರಾಯ

•

ಉಮದಿ
೨೯ ಜುಲೈ ೧೯೫೫

ಅಣ್ಣಾ,

ನಿನ್ನ ಪತ್ರ ಇವತ್ತು ಮುಂಜಾನೆ ಬಂತು. ಅಂಗಡಿಯ ಕಟ್ಟೆಯ ಮೇಲೆ ಕೂತು ಓದುತ್ತಿದ್ದೆ. ಜತ್ತದ ಎಸ್.ಟಿ. ಬಸ್ಸು ಬಂದು ನಿಂತಿತು. ಕಂಡಕ್ಟರ್ ಅಪ್ಪಾಸಾಬ ಇಳಿಯುತ್ತಲೇ ನನ್ನನ್ನು ನೋಡಿ ನಕ್ಕ.

“ಏ ತಮ್ಮಣ್ಣ, ಜತ್ತ ಸ್ಟ್ಯಾಂಡಿನಾಗ ನಿಮ್ಮ ಮನಿ ಬೀಗಾ ಕುಂತಾನ ನೋಡು. ನಿನ್ನೆಯಿಂದ ಅಲ್ಲೇ ಅದಾನಂತ. ಕೈಯಾಗ ಚೀಟಿ ಐತಿ, ನಿಮ್ಮ ಕಾಕಾನ ಹೆಸರ ಐತಿ.”

“ಬಸ್ಸಿನಾಗ ಯಾಕ ಹತ್ತಿಸಿಕೊಳ್ಳಲಿಲ್ಲೋ?”

“ಹತ್ತಿದ್ದ. ಬಾಜೂಕ ಕುಂಡ್ರಾಕ ಎಲ್ಲಾರೂ ಒಲ್ಲೆ ಅಂದ್ರು. ತಾನ ಇಳದಬಿಟ್ಟ. ನಾ ಏನ ಮಾಡ್ಲಿ?” ಆಮೇಲೆ ನಗು ತಡೆಯಲಾಗದೆ ಹೇಳಿದ: “ಹೊಟೆಲ್ ಬಾಗಲದಾಗ ನಿಂತು, ಬರ್ರಿ ಕುಂದ್ರಿ, ಬರ್ರಿ ಕುಂದ್ರಿ ಅಂತಾನ! ಹೊಟೆಲ್‌ದಾವ ಒಳಗ ಬಿಡೂದಿಲ್ಲ, ಇಂವಾ ಅಂಗಳದಾಗ ನಿಂತು ಅಂವಗ ಕುಂದ್ರಿ ಅಂತಾನ. ಸಾಲಿ ಹುಡುಗ್ರು ಸುತ್ತ ನಿಂತು ಭಾಯಿ ಭಾಯಿ ಅಂತ ಒದರಾಕತ್ತಾವ. ಮತ್ತ ಹಣೀಮ್ಯಾಲ ನಮ್ಮಂಗ ವಿಭೂತಿ ಬಡಕೊಂಡಾನ. ಮಂದಿ ಬಿದ್ದ ಬಿದ್ದ ನಗಾಕತ್ತಾರ.”

ಮನೆಗೆ ಬಂದೆ. ಕಾಕಾ ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದ. ನಾನು ಬರುವ ಮೊದಲೇ ಸುದ್ದಿ ಅವನಿಗೆ ಮುಟ್ಟಿತ್ತು.

“ಕರಕೊಂಡ ಬರಾಕ ಹೊಂಟೀಯೇನ?”

“ಹೂಂ.”

“ಸಾಲಿ ಕಟ್ಟೀಮ್ಯಾಲ ಮಲಗಸು. ಊಟಾ ಅಲ್ಲೇ ಕಳಸೂನು, ನಾ ಏನ ಕೆಟ್ಟಾವಲ್ಲ. ಈ ಬಾಗಲಾ ಮಾತ್ರ ದಾಟಸಬ್ಯಾಡ.”

ಒಳಗೆ ಹೋಗಿ ನನ್ನ ಕಂಬಳಿ, ನಿನ್ನ ಖೋಲಿಯ ಹಾಸಿಗೆ ಸುತ್ತಿಕೊಂಡೆ. ಮುಚ್ಚಂಡಿಯ ಕಡೆಯ ಹೊಲದಲ್ಲಿ ಕಾಕಾನ ಶೇಂಗಾ ಕಾಯುವ ಗುಡಿಸಲಿದೆಯಲ್ಲ, ಅಲ್ಲಿ ಈಗ ಯಾರೂ ಇಲ್ಲ. ಅವನ ಹಡಗು ಬರುವವರೆಗೆ ಇಬ್ಬರೂ ಅಲ್ಲಿರಬಹುದು. ಬಾಗಿಲಿಲ್ಲದ ಗುಡಿಸಲು. ಲಂಡನ್ನಿನಲ್ಲಿ ಅವನ ಮಂಚವೇ ಬೇಕೆಂದು ನಿನ್ನ ಜೀವ ತಿಂದೆ. ಅವನ ಪಕ್ಕದ ಹಾಸಿಗೆ ಇಲ್ಲೇ ಸಿಕ್ಕಿತು ನೋಡು.

ಹಾಸಿಗೆ ಕಟ್ಟುವಾಗ ಅವ್ವ ಬಂದು ನಿಂತಳು. ಹಗ್ಗದ ಗಂಟನ್ನೇ ನೋಡುತ್ತ ಅಂದಳು:

“ತಮ್ಮಾ, ಅಂವನ ಹಣಿ ನೋಡು. ಹಣೀಮ್ಯಾಲ ವಿಭೂತಿ ಇದ್ರ…”

“ಇದ್ರ?”

“ಇದ್ರ ನಾ ನಿಮ್ಮ ಕಾಕಾಗ ಹೇಳತೀನಿ. ಮನಿಗೆ ಕರಕೊಂಡ ಬಾ.”

“ಇರಲಿಲ್ಲಂದ್ರ?”

ಅವಳು ತಿರುಗಿ ಒಲೆಯ ಕಡೆ ಹೋದಳು.

ಅಣ್ಣಾ, ಇದೆ ಎಂದು ನನಗೆ ಗೊತ್ತಿತ್ತು, ಅಪ್ಪಾಸಾಬ ಕಣ್ಣಾರೆ ಕಂಡು ಹೇಳಿದ್ದ. ಒಂದು ಮಾತು ಹೇಳಿದ್ದರೆ ಅವಳು ಖೋಲಿ ಸಾರಿಸುತ್ತಿದ್ದಳು, ಕಾಕಾನ ಸಂಗಡ ಜಗಳಾಡುತ್ತಿದ್ದಳು. ನನ್ನ ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ಬಾಗಿಲು ವಿಭೂತಿಗೆ ತೆರೆಯುತ್ತದೆ, ಅವನಿಗಲ್ಲ. ಒಂದು ದಿನ ಮುಖ ತೊಳೆದವನು ಹಚ್ಚಿಕೊಳ್ಳುವುದು ಮರೆತರೆ? ಬೆವರಿಗೆ ಅಳಿಸಿಹೋದರೆ? ದಿನಾ ಮುಂಜಾನೆ ಅವ್ವ ಅವನ ಹಣೆ ನೋಡುತ್ತಾಳೆ, ನಾನು ಅವ್ವನ ಕಣ್ಣು ನೋಡುತ್ತಿರಬೇಕು. ನನ್ನಿಂದ ಆಗದು.

ಮಾಡಿದ್ದು ಸರಿಯೋ ತಪ್ಪೋ ತಿಳಿಯದು. ಎರಡು ತಿಂಗಳು ಅವನು ನಿನ್ನ ಖೋಲಿಯಲ್ಲಿ ಸುಖವಾಗಿ ಮಲಗಬಹುದಿತ್ತು. ನನ್ನ ಹಟಕ್ಕೆ ಹೊಲದಲ್ಲಿ ಮಲಗುತ್ತಾನೆ. ನೀನಾಗಿದ್ದರೆ ಹೇಳುತ್ತಿದ್ದೆಯೇನು? ಹೇಳುತ್ತಿದ್ದೆ ಅನ್ನಿಸುತ್ತದೆ.

ಬಾಗಿಲಲ್ಲಿ ಅವನ ಮುಖ ಹೇಗಾಯಿತು ಎಂದು ಕೇಳಿದ್ದೀ. ಅದನ್ನು ನಾನು ಬರೆಯಲಾರೆ. ಜತ್ತದಲ್ಲಿ ಇಳಿದ ಕೂಡಲೇ ಆ ಎರಡು ಮಾತನ್ನು ನಾನೇ ಹೇಳುತ್ತೇನೆ. ಎಲ್ಲಿ ಕೂರಿಸುವುದೆಂಬುದು ಆಮೇಲಿನ ಮಾತು. ಅವನ ಮುಖ ಹೇಗಾಯಿತೋ ನೋಡಿ ಬರೆಯುತ್ತೇನೆ.

ಬಸ್ಸು ತಿರುಗಿ ಹೊರಡುವ ಹೊತ್ತಾಯಿತು, ಹಾರ್ನ್ ಕೇಳಿಸುತ್ತಿದೆ. ಅವ್ವ ಒಲೆಯ ಮುಂದೆ ಕೂತಿದ್ದಾಳೆ. ಬೆನ್ನು ಮಾತ್ರ ಕಾಣುತ್ತದೆ.

ಇಷ್ಟನ್ನು ಹೊರಗಿನ ಕಟ್ಟೆಯ ಮೇಲೆ ನಿಂತು ಬರೆಯುತ್ತಿದ್ದೇನೆ. ಹೊಸ್ತಿಲು ದಾಟಿ ಹೊರಗೆ ಬಂದೆ, ತಿರುಗಿ ಎರಡೂ ಕದ ಎಳೆದೆ. ಇನ್ನೊಬ್ಬರು ಅವನ ಮುಖದ ಮುಂದೆ ಹಾಕುವುದಕ್ಕಿಂತ ನಾನೇ ಹಾಕುವುದು ಚಲೋ. ಒಳಗಿನಿಂದ ಅವ್ವ ಕೂಗಿದಳು: “ಹಗಲಿನಾಗ ಬಾಗಲಾ ಹಾಕಬ್ಯಾಡೋ, ಮನ್ಯಾಗ ಯಾರ ಸತ್ತಾರ?”

ಚಿಲಕ ಹಾಕಿದೆ.